ಒಂದೇ ಪರಮಾಣುವಿನ ಪಾಠ

ಜೂನ್ 4

ಪ್ರೀತಿಯ ಚೋಟು,

ಪತ್ರಿಕೆಯಲ್ಲಿ ನಿಮ್ಮ ಪ್ರಯೋಗಾಲಯದ ಚಿತ್ರ ಬಂದಿದೆ. ಎರಡನೆಯ ಸಾಲಿನಲ್ಲಿ, ಎತ್ತರದ ಇಬ್ಬರ ಭುಜಗಳ ನಡುವೆ ನಿನ್ನ ಅರ್ಧ ಮುಖ, ಒಂದೇ ಕಣ್ಣು. ಆ ಕಣ್ಣನ್ನು ನಿಮ್ಮಣ್ಣ ಭೂತಗನ್ನಡಿ ಹಿಡಿದು ನೋಡಿ, "ಇವಳೇ, ನಮ್ಮವಳೇ" ಎಂದು ಕತ್ತರಿಸಿಕೊಂಡು ಕಚೇರಿಗೆ ಒಯ್ದಿದ್ದಾರೆ. ವಿದ್ಯುತ್ ಮೀಟರ್ ಓಡುತ್ತಿಲ್ಲ ಎಂದು ದೂರು ಕೊಡಲು ಬಂದವರೆಲ್ಲ ಈಗ ಮೊದಲು ಹೊಸ ಮೂಲವಸ್ತುವಿನ ಕಥೆ ಕೇಳಬೇಕು. ನಿನ್ನೆ ಒಬ್ಬರು ಕೇಳಿದರಂತೆ:

"ಎಷ್ಟು ಮಾಡಿದ್ದಾರೆ ಸಾರ್ ನಿಮ್ಮ ತಂಗಿ?"

"ಒಂದು."

"ಒಂದು ಕೆಜಿನಾ?"

"ಒಂದು ಪರಮಾಣು."

"ಓ! ಮೊದಮೊದಲು ಹಂಗೇ ಬಿಡಿ ಸಾರ್, ಆಮೇಲೆ ಕುದುರ್ಕೊಳ್ಳತ್ತೆ."

ನಾನು ಈ ಮನೆಗೆ ಬಂದಾಗ ನೀನು ಲಂಗ ಎತ್ತಿ ಕಟ್ಟಿಕೊಂಡು ಓಡಾಡುತ್ತಿದ್ದ ಹುಡುಗಿ. ನನ್ನ ಭೌತಶಾಸ್ತ್ರದ ಪುಸ್ತಕಗಳನ್ನು ಕೇಳದೇ ತೆಗೆದು ಓದುತ್ತಿದ್ದೆ. ಅವತ್ತು ಬೈದದ್ದಕ್ಕೆ ಇವತ್ತು ಕ್ಷಮೆ ಕೇಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಹೊಸದಾಗಿ ಬರೆಸುತ್ತಿದ್ದಾರೆ. ಕೊನೆಯ ಪಾಠ, 'ಮನುಷ್ಯ ಮಾಡಿದ ಮೂಲವಸ್ತುಗಳು', ನನ್ನ ಪಾಲಿಗೆ ಬಂದಿದೆ. ನನ್ನ ಯೋಗ್ಯತೆ ನೋಡಿ ಕೊಟ್ಟರೆಂದು ಹೇಳಿಕೊಳ್ಳಲು ಆಸೆ. ನಿಜವೆಂದರೆ, "ಆ ಪರಮಾಣು ಕಂಡುಹಿಡಿದವಳ ಅತ್ತಿಗೆ ನಾನು" ಎಂದು ಸಂಪಾದಕರ ಮುಂದೆ ನಾನೇ ಬಾಯಿಬಿಟ್ಟೆ. ಹೇಳಿದ ಮೇಲೆ ಮುಖ ಬಿಸಿಯಾಯಿತು. ಪಾಠ ಮಾತ್ರ ಸಿಕ್ಕಿತು. ಚೆನ್ನಾಗಿ ಬಂದರೆ ಪಠ್ಯ ಬರೆಯುವ ವಿಭಾಗದಲ್ಲಿ ನನಗೊಂದು ಖಾಯಂ ಮೇಜು ಕೊಡುವ ಮಾತಿದೆ. ನನಗೆ ಆ ಮೇಜು ಬೇಕು ಚೋಟು. ಯಾಕೆಂದು ಮುಂದೊಮ್ಮೆ ಹೇಳುತ್ತೇನೆ.

ಕರಡಿನಲ್ಲಿ ಹೀಗೆ ಬರೆದಿದ್ದೇನೆ: "ಪರಮಾಣುವಿನ ಬೀಜ ಒಂದು ಬಸ್ಸಿನ ಹಾಗೆ. ಬಂದವರನ್ನೆಲ್ಲ ಹತ್ತಿಸಿಕೊಳ್ಳುತ್ತ ಹೋದರೆ ಬಾಗಿಲಿನಲ್ಲಿ ನಿಂತವರು ಉದುರತೊಡಗುತ್ತಾರೆ." ಸರಿಯೇ? ಮಕ್ಕಳು ಲೆಕ್ಕ ಬಿಡಿಸಲು ನಿಮ್ಮ ಆ ಒಂದು ಪರಮಾಣುವಿನ ನಿಜವಾದ ಅಂಕಿಗಳನ್ನೂ ಕಳಿಸು. ನವೆಂಬರಿನಲ್ಲಿ ಪುಸ್ತಕ ಅಚ್ಚಿಗೆ ಹೋಗುತ್ತದೆ.

ಫೋನ್ ಮಾಡಬೇಡ, ಬರೆ. ನಮ್ಮ ಕಡೆ ಲೈನು ಸರಿಯಿಲ್ಲ.

ನಿನ್ನ ಅತ್ತಿಗೆ


ಜೂನ್ 19

ಪ್ರೀತಿಯ ಅತ್ತಿಗೆ,

ಲೈನಿನ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ? ನಿಮಗೆ ಮಾತಿಗಿಂತ ಬರೆದದ್ದೇ ಇಷ್ಟ, ಕವಿತೆ ಓದುವವರ ಚಾಳಿ. ನನಗೂ ಸಂತೋಷವೇ.

ಬಸ್ಸು ಚೆನ್ನಾಗಿದೆ. ಆದರೆ ನಿಮ್ಮ ಪ್ರಯಾಣಿಕರು ಬರೀ ಇಕ್ಕಟ್ಟಿನಿಂದ ಬೀಳುತ್ತಿದ್ದಾರೆ. ನಿಜದಲ್ಲಿ ಪ್ರೋಟಾನುಗಳಿಗೆ ಒಂದರ ಮುಖ ಇನ್ನೊಂದು ಕಂಡರಾಗದು. ಎಲ್ಲಕ್ಕೂ ಒಂದೇ ಬಗೆಯ ವಿದ್ಯುದಾವೇಶ, ಒಂದನ್ನೊಂದು ದೂಡುತ್ತವೆ. ಅವನ್ನು ಹಿಡಿದಿಡುವ ಇನ್ನೊಂದು ಬಲವಿದೆ, ಕೈ ಕೈ ಹಿಡಿದು ನಿಂತ ಹಾಗೆ. ಆದರೆ ಆ ಕೈ ಪಕ್ಕದವರಿಗಷ್ಟೇ ಎಟುಕುತ್ತದೆ. ದೂಡಾಟ ಬಸ್ಸಿನ ಈ ತುದಿಯಿಂದ ಆ ತುದಿಯವರೆಗೂ ತಲುಪುತ್ತದೆ. ಬಸ್ಸು ದೊಡ್ಡದಾದಷ್ಟೂ ದೂಡಾಟದ್ದೇ ಮೇಲುಗೈ. ಹಾಗಾಗಿ ಅತಿಭಾರದ ಮೂಲವಸ್ತುಗಳು ನೆಲದಲ್ಲಿ ಅಗೆದರೆ ಸಿಗುವುದಿಲ್ಲ. ನಾವೇ ಮಾಡಬೇಕು, ಮಾಡಿದರೂ ನಿಲ್ಲುವುದಿಲ್ಲ. ಇಳಿಯುವಾಗಲೂ ಒಬ್ಬೊಬ್ಬರೇ ಇಳಿಯುವುದಿಲ್ಲ. ಎರಡು ಪ್ರೋಟಾನು, ಎರಡು ನ್ಯೂಟ್ರಾನು, ನಾಲ್ವರ ಸಂಸಾರ ಒಟ್ಟಿಗೆ ಇಳಿಯುತ್ತದೆ. ಅದೇ ಆಲ್ಫಾ ಕಣ. ಒಂದು ಸಂಸಾರ ಇಳಿದರೆ ಆವರ್ತ ಕೋಷ್ಟಕದಲ್ಲಿ ಎರಡು ಮನೆ ಹಿಂದಕ್ಕೆ.

ಮಾಡುವುದು ಹೇಗೆಂದು ಬರೆಯಿರಿ: ಒಂದು ಭಾರವಾದ ಲೋಹವನ್ನು ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಚಕ್ರದ ಅಂಚಿಗೆ ಹಚ್ಚಿ ತಿರುಗಿಸುತ್ತೇವೆ. ಅದರ ಮೇಲೆ ಹಗುರವಾದ ಬೀಜಗಳನ್ನು ಮಹಾವೇಗದಲ್ಲಿ ಎರಚುತ್ತೇವೆ, ತಿಂಗಳುಗಟ್ಟಲೆ. ಎಲ್ಲ ತಪ್ಪಿಹೋಗುತ್ತವೆ, ಇಲ್ಲವೇ ಒಡೆದುಹೋಗುತ್ತವೆ. ಎಂದೋ ಒಮ್ಮೆ ಎರಡು ಬೀಜಗಳು ಅಂಟಿಕೊಂಡು ಒಂದಾಗುತ್ತವೆ. ಅದು ಹಾರಿ ಬಂದು ಸಿಲಿಕಾನ್ ತಟ್ಟೆಯಲ್ಲಿ ಹೂತುಕೊಳ್ಳುತ್ತದೆ. ಹೂತ ಜಾಗದಿಂದಲೇ ಒಂದರ ಹಿಂದೊಂದು ಆಲ್ಫಾ ಹೊರಡುತ್ತದೆ. ಕೊನೆಗೆ ಉಳಿದದ್ದು ಎರಡು ಹೋಳಾಗುತ್ತದೆ. ಈ ಸಾಲಿಗೆ ನಾವು ಸರಪಳಿ ಎನ್ನುತ್ತೇವೆ. ಮೂಲವಸ್ತುವನ್ನು ಯಾರೂ ನೋಡುವುದಿಲ್ಲ ಅತ್ತಿಗೆ. ಅದು ಹೋದ ಸುದ್ದಿ ಕೇಳಿ, ಇತ್ತು ಎಂದು ತಿಳಿದುಕೊಳ್ಳುತ್ತೇವೆ.

ಕಂಪ್ಯೂಟರ್ ಹೆಕ್ಕಿಕೊಟ್ಟ ಸಾಲುಗಳಲ್ಲಿ "ಇದು ನೋಡಿ" ಎಂದು ಮೊದಲು ಬೆರಳು ತೋರಿಸಿದವಳು ನಾನು. ಈಗ ಊಟದ ಕೋಣೆಯಲ್ಲಿ ಗುರುತಿಲ್ಲದವರೂ ಎದ್ದು ಬಂದು ಕೈಕುಲುಕುತ್ತಾರೆ. ನಮ್ಮ ತಂಡದ ಹಿರಿಯರನ್ನು ನಾವು ಬೆನ್ನ ಹಿಂದೆ 'ತಾತ' ಎನ್ನುತ್ತೇವೆ. ಬರುವ ವರ್ಷ ನಿವೃತ್ತಿ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ನನ್ನನ್ನ ಬರಿಗೈಲಿ ಮನೆಗೆ ಕಳಿಸಲಿಲ್ಲ ನೀನು" ಎಂದರು.

ಅಂಕಿಗಳು ಜೊತೆಯ ಹಾಳೆಯಲ್ಲಿವೆ. ಅಣ್ಣನಿಗೆ ಹೇಳಿ, ಇನ್ನೂ ಕುದುರಿಲ್ಲ.

ನಿಮ್ಮ ಚೋಟು


ಜುಲೈ 2

ಪ್ರೀತಿಯ ಚೋಟು,

ನಾಲ್ವರ ಸಂಸಾರ ಪಾಠದೊಳಗೆ ಬಂದು ಕೂತಿತು. ಕರಡನ್ನು ನಮ್ಮ ಶಾಲೆಯ ಹತ್ತನೆಯ ತರಗತಿಗೆ ಓದಿ ನೋಡಿದೆ. ಪ್ರಶ್ನೆಗಳನ್ನು ಬಾಯಲ್ಲಿ ಕೇಳುವುದು ಬೇಡ, ಚೀಟಿಯಲ್ಲಿ ಬರೆದುಕೊಡಿ ಎಂದೆ. ಮೇಜಿನ ಮೇಲೆ ಚೀಟಿಯ ಗುಡ್ಡೆ. "ಅಷ್ಟು ಕಷ್ಟಪಟ್ಟು ಮಾಡಿ, ಅದು ಕಣ್ಣು ಮುಚ್ಚಿ ಬಿಡೋದರೊಳಗೆ ಹೋಗೋದಾದ್ರೆ ಮಾಡೋದು ಯಾಕೆ?" "ಒಂದೇ ಪರಮಾಣುವಿನ ಅರ್ಧಾಯು ಅಂದ್ರೆ ಅರ್ಧ ಪರಮಾಣು ಉಳಿಯುತ್ತಾ?" ಇನ್ನೊಬ್ಬನದು: "ಪರೀಕ್ಷೆಗೆ ಬರುತ್ತಾ ಮಿಸ್?"

ಅರ್ಧಾಯುವಿಗೆ ನಾನೇ ಉತ್ತರ ಹೇಳಿದೆ. ಗುಂಪಿನಲ್ಲಿ ಅರ್ಧದಷ್ಟು ಹೋಗಲು ಹಿಡಿಯುವ ಕಾಲ ಅದು; ಒಂದೇ ಪರಮಾಣುವನ್ನು ನೋಡಿ ಹೇಳುವುದು ದಾರಿಯಲ್ಲಿ ಸಿಕ್ಕ ಒಬ್ಬರನ್ನು ನೋಡಿ ಊರಿನವರ ಆಯಸ್ಸು ಅಂದಾಜು ಮಾಡಿದಂತೆ ಎಂದೆ. ಅವರಿಗೆ ಹಿಡಿಸಿತು.

ಒಂದು ಚೀಟಿಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. "ಕಂಪ್ಯೂಟರೇ ಕನಸು ಕಂಡಿರಬಹುದಲ್ವಾ? ಒಂದೇ ಸಲ ಕಂಡಿದ್ದು ನಿಜ ಅಂತ ಹೇಗೆ ಗೊತ್ತು?" ಇದಕ್ಕೆ ನೀನೇ ಹೇಳಬೇಕು.

ನಿನ್ನ ಅತ್ತಿಗೆ


ಜುಲೈ 15

ಪ್ರೀತಿಯ ಅತ್ತಿಗೆ,

ಚೀಟಿಯ ಉಪಾಯ ಅದ್ಭುತ. ನಾಚುವ ಮಕ್ಕಳ ಬಾಯಿ ತೆರೆಸುವ ಹೊಸ ಬೋಧನಾ ಕ್ರಮ ಎಂದು ಯಾವುದಾದರೂ ಪತ್ರಿಕೆಗೆ ಬರೆಯಿರಿ.

ಕನಸಿನ ಪ್ರಶ್ನೆ ಕೇಳಿದ ಮಗುವಿಗೆ ಹೇಳಿ, ನಮಗೂ ಅದೇ ಭಯ. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ ಇದೆ. ಆಗಾಗ ಒಬ್ಬರು ದಾಖಲೆಯೊಳಗೆ ಸುಳ್ಳು ಸರಪಳಿಯೊಂದನ್ನು ಸೇರಿಸುತ್ತಾರೆ. ಹೊಸ ಮೂಲವಸ್ತು ಹುಟ್ಟಿದ್ದರೆ ಹೇಗೆ ಕಾಣುತ್ತಿತ್ತು ಎಂದು ಲೆಕ್ಕ ಹಾಕಿ, ಅದೇ ಅಂಕಿಗಳಲ್ಲಿ ಕೈಯಾರೆ ಹೆಣೆದದ್ದು. ಎಲ್ಲಿ ಸೇರಿಸಿದೆವೆಂದು ಯಾರಿಗೂ ಹೇಳುವಂತಿಲ್ಲ. ಕಂಪ್ಯೂಟರಿನ ಪ್ರೋಗ್ರಾಂ ಅದನ್ನು ಹಿಡಿದರೆ ಬಲೆ ಗಟ್ಟಿಯಾಗಿದೆ ಎಂದರ್ಥ. ಆಮೇಲೆ, ಹಾಕಿದವರೇ ಅದನ್ನು ತೆಗೆಯಬೇಕು.

ಹಿಂದಿನ ವರ್ಷ ನಾನೇ ಎರಡು ಹಾಕಿದ್ದೆ. ಒಂದನ್ನು ಹಿಡಿಯಿತು, ಅದನ್ನು ತೆಗೆದೆ. ಇನ್ನೊಂದು ಬಲೆಯಿಂದ ನುಣುಚಿಕೊಂಡಿತು. ಪ್ರೋಗ್ರಾಂ ಬರೆದವನಿಗೆ ತಾತ, "ಏನಪ್ಪಾ, ಇದು ಬಲೆನೋ ಕಿಟಕಿನೋ?" ಎಂದು ಚೆನ್ನಾಗಿ ಚಾಟಿ ಬೀಸಿದರು. ಅವನು ಮುಖ ಊದಿಸಿಕೊಂಡು ತಿಂಗಳುಗಟ್ಟಲೆ ತಿದ್ದಿದ. ತಿದ್ದಿದ ಬಲೆಯನ್ನು ಹಳೆಯ ದಾಖಲೆಗಳ ಮೇಲೆ ಮತ್ತೆ ಬೀಸಿದಾಗಲೇ ನಮ್ಮ ಪರಮಾಣು ಸಿಕ್ಕಿದ್ದು. ಹಾಗಾಗಿ ನನ್ನ ಸುಳ್ಳಿನಿಂದಲೇ ನಿಜ ಹುಟ್ಟಿತು ಎಂದು ಅವನನ್ನು ಈಗಲೂ ರೇಗಿಸುತ್ತೇನೆ.

ಇದನ್ನು ಪಾಠದಲ್ಲಿ ಸೇರಿಸಿ. ಮಕ್ಕಳಿಗೆ ಇಷ್ಟವಾಗುತ್ತದೆ.

ನಿಮ್ಮ ಚೋಟು


ಆಗಸ್ಟ್ 1

ಪ್ರೀತಿಯ ಚೋಟು,

ಪಾಠ ಒಪ್ಪಿಗೆಯಾಯಿತು. "ಇಡೀ ಪುಸ್ತಕದಲ್ಲಿ ಉಸಿರಾಡೋ ಪಾಠ ಇದೊಂದೇ ಮೇಡಂ" ಎಂದರು ಸಂಪಾದಕರು. ನಿನ್ನ ಸುಳ್ಳು ಸರಪಳಿಯ ಭಾಗವನ್ನು ಮಾತ್ರ ಬಿಟ್ಟಿದ್ದೇನೆ. ಜಾಗ ಸಾಲದು.

ಆ ಮೇಜು ಯಾಕೆ ಬೇಕು ಎಂದು ಹೇಳುತ್ತೇನೆಂದಿದ್ದೆ. ನನಗೆ ಕಿವಿ ಕೇಳಿಸುವುದಿಲ್ಲ ಚೋಟು. ಒಮ್ಮೆಗೇ ಹೋದದ್ದಲ್ಲ, ಎರಡು ವರ್ಷದಿಂದ ಒಂದೊಂದೇ ಶಬ್ದ ಇಳಿದುಹೋಗುತ್ತಿದೆ. ಮೊದಲು ಹಕ್ಕಿಗಳು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹಿಂದಿನ ಬೆಂಚಿನ ಮಕ್ಕಳು. ತರಗತಿಯಲ್ಲಿ ಒಬ್ಬ ಏನೋ ಕೇಳಿದ, ನಾನು ಬೇರೇನೋ ಉತ್ತರ ಕೊಟ್ಟೆ. ಎಲ್ಲರೂ ನಕ್ಕರು. ಯಾಕೆಂದು ತಿಳಿಯದೆ ನಾನೂ ಅವರ ಜೊತೆ ನಕ್ಕೆ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಮುಖ್ಯೋಪಾಧ್ಯಾಯಿನಿ ನನ್ನನ್ನು ಗ್ರಂಥಾಲಯಕ್ಕೆ ಹಾಕಿದ್ದಾರೆ, ಅದೂ ಈ ವರ್ಷದ ಮಟ್ಟಿಗೆ. ಚೀಟಿಗಳು ಬೋಧನಾ ಕ್ರಮವಲ್ಲ. ಲೈನೂ ಕೆಟ್ಟಿಲ್ಲ.

ಈ ಪಾಠವೊಂದು ನಿಂತರೆ ನಾನೂ ನಿಲ್ಲುತ್ತೇನೆ. ಇದನ್ನು ನಿಮ್ಮಣ್ಣನಿಗೂ ಇಷ್ಟು ಬಿಡಿಸಿ ಹೇಳಿಲ್ಲ.

ನಿನ್ನ ಅತ್ತಿಗೆ


ಆಗಸ್ಟ್ 20

ಅತ್ತಿಗೆ,

ಈ ಪತ್ರ ನಿಮಗೆ ತಲುಪುವುದಿಲ್ಲ. ಕಳಿಸುವ ಧೈರ್ಯ ನನಗಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಎಲ್ಲಾದರೂ ಒಂದು ಕಡೆ ಬರೆದಿಡದಿದ್ದರೆ ನಾಳೆ ಹೀಗೇನೂ ಆಗಿಲ್ಲವೆಂದು ನನ್ನನ್ನೇ ನಾನು ನಂಬಿಸಿಬಿಡುತ್ತೇನೆ.

ಸುಳ್ಳು ಸರಪಳಿಯ ಭಾಗ ಬಿಟ್ಟೆನೆಂದು ನೀವು ಬರೆದದ್ದು ನನಗೆ ಹಿಡಿಸಲಿಲ್ಲ. ಪಾಠದಲ್ಲಿ ಅದೇ ಒಳ್ಳೆಯ ಭಾಗವೆಂದು ವಾದಿಸಲು ಕೂತೆ. ಇನ್ನಷ್ಟು ಚೊಕ್ಕವಾಗಿ ಬರೆದುಕೊಡುವಾ ಎಂದು, "ನಾನು ಎರಡು ಹಾಕಿದ್ದೆ, ಎರಡನ್ನೂ ತೆಗೆದೆ" ಎಂದು ಬರೆದೆ. ಎರಡನೆಯದನ್ನು ತೆಗೆದ ನೆನಪು ಎಷ್ಟು ಹುಡುಕಿದರೂ ಸಿಗಲಿಲ್ಲ. ಹಿಡಿದದ್ದನ್ನು ತೆಗೆದೆ. ಹಿಡಿಯದೇ ಹೋದದ್ದರ ಬಗ್ಗೆ ಎಲ್ಲರೂ ಪ್ರೋಗ್ರಾಂ ಬರೆದವನನ್ನು ಗೇಲಿ ಮಾಡುತ್ತಿದ್ದರು. ನಾನೂ ಆ ಗುಂಪಿನಲ್ಲಿ ನಿಂತು ನಗುತ್ತಿದ್ದೆ. ನಗುತ್ತ ಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ಹೋಗಿ ನೋಡಿದೆ. ನಮ್ಮ ಪರಮಾಣು ಹೂತುಕೊಂಡಿರುವುದು ನಾನು ಸುಳ್ಳನ್ನು ಹೂತಿಟ್ಟ ಜಾಗದಲ್ಲೇ. ಅದೇ ದಿನ, ಅದೇ ಅಂಕಿಗಳು. ಅದು ನಾನು ಹೆಣೆದದ್ದೇ ಅತ್ತಿಗೆ. ತಿದ್ದಿದ ಬಲೆ ಅದನ್ನು ಕೊನೆಗೂ ಹಿಡಿಯಿತು, ನಾನೇ ಬೆರಳು ತೋರಿಸಿ "ಇದು ನೋಡಿ" ಎಂದೆ, ತಾತ ನನ್ನ ತಲೆಯ ಮೇಲೆ ಕೈಯಿಟ್ಟರು. ಎಲ್ಲಿ ಹಾಕಿದ್ದೆಂದು ಬೇರೆ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ನಾವು ಮಾಡಿಕೊಂಡ ಕಟ್ಟಳೆಯೇ ನನ್ನನ್ನು ಕಾಯುತ್ತಿದೆ.

ತಪ್ಪು ಮಾಡಿದ್ದಕ್ಕೆ ನನಗೆ ಅಷ್ಟು ಅಸಹ್ಯವಾಗಲಿಲ್ಲ. ಗೊತ್ತಾದ ಮೇಲೂ ಮಧ್ಯಾಹ್ನ ಊಟ ಸೇರಿತು. ಯಾರೋ ಕೈಕುಲುಕಿದರು, ಕುಲುಕಿದೆ. ಅದಕ್ಕೆ ಆಯಿತು. ಅದಕ್ಕಿಂತ ಕೆಳಗಿನದೊಂದಿದೆ. ನಿಮ್ಮ ಪತ್ರವನ್ನು ಮತ್ತೆ ತೆಗೆದು ಕಿವಿಯ ವಿಷಯ ಓದಿದಾಗ ನನ್ನೊಳಗೆ ಏನೋ ಹಗುರವಾಯಿತು. ಹೇಳಿದರೆ ಅತ್ತಿಗೆಯ ಪಾಠ ಹೋಗುತ್ತದೆ, ಪಾಪ, ಹೇಗೆ ಹೇಳಲಿ? ನಿಮ್ಮ ಕಿವುಡು ನನಗೊಂದು ನೆಪವಾಗಿ ಒದಗಿತು. ಮನುಷ್ಯರು ಇಷ್ಟು ಕೆಳಗೆ ಇಳಿಯಬಲ್ಲರೆಂದು ಗೊತ್ತಿತ್ತು. ನಾನೂ ಇಳಿಯಬಲ್ಲೆನೆಂದು ಗೊತ್ತಿರಲಿಲ್ಲ.


ಆಗಸ್ಟ್ 21

ಪ್ರೀತಿಯ ಅತ್ತಿಗೆ,

ಕೆಲಸದ ಒತ್ತಡದಿಂದ ತಡವಾಯಿತು. ಕಿವಿಯ ವಿಷಯ ಓದಿ ಬೇಸರವಾಯಿತು. ಒಳ್ಳೆಯ ವೈದ್ಯರಿಗೆ ತೋರಿಸಿ.

ಪಾಠದ ಬಗ್ಗೆ ಒಂದು ಸಲಹೆ. ನಮ್ಮದು ತೀರಾ ಹೊಸದು. ಹಲವು ಕಡೆ ಮತ್ತೆ ಮತ್ತೆ ಮಾಡಿ ನೋಡಿ ಖಚಿತವಾದ ಹಳೆಯ ಮೂಲವಸ್ತು ಯಾವುದನ್ನಾದರೂ ಉದಾಹರಣೆಗೆ ತೆಗೆದುಕೊಂಡರೆ ಮಕ್ಕಳಿಗೂ ಅನುಕೂಲ. ಬದಲಾಯಿಸಲು ಇನ್ನೂ ಸಮಯವಿದೆಯಲ್ಲ. ಯೋಚಿಸಿ.

ಚೋಟು


ಸೆಪ್ಟೆಂಬರ್ 9

ವಿಜ್ಞಾನಿಗಳಿಗೆ,

ತಮ್ಮ ಸಲಹೆ ತಲುಪಿತು. ಇಷ್ಟು ದಿನ ಪಾಠ ಚೆನ್ನಾಗಿತ್ತು, ಅಂಕಿಗಳೂ ಬಂದವು. ನನ್ನ ಕಿವಿಯ ವಿಷಯ ತಿಳಿದ ಮೇಲೆ ನಿಮ್ಮ ಪರಮಾಣು ನನ್ನ ಪಾಠಕ್ಕೆ ದೊಡ್ಡದಾಯಿತೇನೋ. ಕಿವಿ ಕೇಳದ ಶಾಲಾ ಶಿಕ್ಷಕಿಯ ಬಾಯಲ್ಲಿ ನಿಮ್ಮ ಹೆಸರು ಬರುವುದು ಸಂಕೋಚವಾಗಿದ್ದರೆ ನೇರವಾಗಿ ಹೇಳಬಹುದಿತ್ತು.

"ಏನು, ನಮ್ಮ ತಂಗಿ ಕಾಗದ ಇಷ್ಟೇ ಇಷ್ಟಾ?" ಎಂದು ನಿಮ್ಮಣ್ಣ ತಿರುಗಿಸಿ ತಿರುಗಿಸಿ ನೋಡಿದರು. "ದೊಡ್ಡವರಾದ ಮೇಲೆ ಹಾಗೇ, ಮಾತಿಗೂ ಮೀಟರ್ ಇರತ್ತೆ" ಎಂದೆ. ಅವರು ನಗಲಿಲ್ಲ.

ಪಠ್ಯಪುಸ್ತಕ ಸಮಿತಿಯವರು ತರಗತಿಗೆ ಬಂದು ಕೂತಿದ್ದರು. ನನ್ನಿಂದ ಮಾದರಿ ಪಾಠ ಮಾಡಿಸಿದರು. ಮಕ್ಕಳು ನಿಮ್ಮ ಸರಪಳಿಯ ಲೆಕ್ಕವನ್ನು ಬೋರ್ಡಿನ ಮೇಲೆ ತಪ್ಪಿಲ್ಲದೆ ಬಿಡಿಸಿದರು. ಏನನ್ನೂ ಬದಲಾಯಿಸುವುದಿಲ್ಲ. ನವೆಂಬರ್ ಮೊದಲ ವಾರ ಅಚ್ಚಿಗೆ ಹೋಗುತ್ತದೆ.

ಇಂತು


ಅಕ್ಟೋಬರ್ 12

ಅತ್ತಿಗೆ,

ನಿಮ್ಮ ಕಿವಿಗೂ ನನ್ನ ಸಲಹೆಗೂ ಸಂಬಂಧವಿಲ್ಲ. ನಿಮ್ಮಿಂದ ನನಗೆ ಸಂಕೋಚವಾಗಿಲ್ಲ. ನೀವು ನನ್ನಿಂದ ತಲೆತಗ್ಗಿಸಬೇಕಾದ ವಿಷಯ ಇದು. ಆ ಪರಮಾಣು ಇರಲೇ ಇಲ್ಲ. ಅದು ನಾನು ಹಾಕಿ, ತೆಗೆಯಲು ಮರೆತ ಎರಡನೆಯ ಸುಳ್ಳು ಸರಪಳಿ. ಆಗಸ್ಟ್‌ನಲ್ಲಿ ಗೊತ್ತಾಯಿತು. ಅವತ್ತೇ ಬರೆದ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ನಿಮ್ಮ ಬಗ್ಗೆ ಬರೆದದ್ದನ್ನೂ ಓದಿ. ಅಳಿಸಿಲ್ಲ.

ಹೇಳಲು ಇಷ್ಟು ದಿನ ಯಾಕೆ ಬೇಕಾಯಿತೆಂದು ಹೇಳಲಾರೆ. ಈಗ ಯಾಕೆ ಹೇಳಿದೆ ಎನ್ನುವುದನ್ನು ಹೇಳಬಲ್ಲೆ. ಇನ್ನೊಂದು ದೇಶದ ಪ್ರಯೋಗಾಲಯದವರು ನಮ್ಮದನ್ನೇ ಮಾಡಿ ನೋಡುತ್ತಿದ್ದರು. ತಿಂಗಳುಗಟ್ಟಲೆ ನಡೆಸಿದರೂ ಏನೂ ಸಿಗಲಿಲ್ಲ. ನಮ್ಮವರು ಚಹಾ ಕುಡಿಯುತ್ತ, "ಅವರ ಯಂತ್ರಕ್ಕೆ ಕಣ್ಣೇ ಇಲ್ಲ" ಎಂದು ತಮಾಷೆ ಮಾಡುತ್ತಿದ್ದರು. ಹೋದ ವಾರ ಅಲ್ಲಿಂದ ಒಬ್ಬಾಕೆ ಬಂದಳು. ನನ್ನಷ್ಟೇ ವಯಸ್ಸು, ಕಂಕುಳಲ್ಲಿ ನಕ್ಷೆಗಳ ಸುರುಳಿ. ಅವುಗಳನ್ನು ನನ್ನ ಮೇಜಿನ ಮೇಲೆ ಹಾಸಿ, ಮೂಲೆಗಳು ಸುರುಳಿಕೊಳ್ಳದಂತೆ ನನ್ನದೇ ಲೋಟ ಇಟ್ಟು ಕೇಳಿದಳು:

"ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೀವಿ. ಎಲ್ಲಿ ತಪ್ಪು ಮಾಡ್ತಾ ಇದ್ದೀವಿ ಅಂತ ನೀವೇ ತೋರಿಸಬೇಕು. ನಾಚಿಕೆ ಬಿಟ್ಟು ಬಂದಿದೀನಿ."

ನನ್ನ ಮುಂದೆ ನಿಂತು ಅವಳು ನಾಚಿಕೆಯ ಮಾತಾಡುತ್ತಿದ್ದಳು! ನಕ್ಷೆಯ ಮೇಲೆ ಸುಮ್ಮನೆ ಬೆರಳಾಡಿಸಿದೆ. "ಇಲ್ಲಿ ಸ್ವಲ್ಪ ನೋಡಬಹುದು" ಎಂದೂ ಅಂದೆ ಅತ್ತಿಗೆ. ಅವಳು ಬರೆದುಕೊಂಡಳು. ಅವಳ ಪೆನ್ನು ಓಡುವುದನ್ನು ನೋಡಲಾಗಲಿಲ್ಲ. ಎದ್ದು ತಾತನ ಕೋಣೆಗೆ ಹೋದೆ.

ಹೇಳಿ ಮುಗಿಸಿದ ಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವಾಗ ಗೊತ್ತಾಯ್ತು?"

"ಆಗಸ್ಟಲ್ಲಿ."

"ಈಗ ಅಕ್ಟೋಬರ್."

ಅವರೇ ಮುಂದುವರಿಸಿದರು:

"ಮರೆತಿದ್ದಕ್ಕೆ ನಾನು ಬೈಯಲ್ಲಮ್ಮ. ಮರೆಯೋದು ಎಲ್ಲರಿಗೂ ಉಂಟು. ಆಮೇಲೆ ನನ್ನ ಕೈಲಿ ನಾಲ್ಕು ಕಡೆ ಭಾಷಣ ಮಾಡಿಸಿದೆಯಲ್ಲ. ಎದುರಿಗೇ ಕೂತು ಚಪ್ಪಾಳೆ ಹೊಡೀತಿದ್ದೆಯಲ್ಲ."

ಅಷ್ಟೇ. ಆಮೇಲೆ ಆ ಹೆಂಗಸನ್ನು ಒಳಗೆ ಕರೆದು, ನನ್ನ ಎದುರಿಗೇ, "ನಿಮ್ಮ ಯಂತ್ರ ಸರಿಯಾಗಿದೆ. ನಮ್ಮದೇ ತಪ್ಪು" ಎಂದರು. 'ನಮ್ಮದೇ' ಎಂದರು, 'ಇವಳದು' ಎನ್ನಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪ್ರಕಟಣೆ ಹಿಂತೆಗೆದುಕೊಳ್ಳುತ್ತಿದ್ದೇವೆ. ನಿಮ್ಮ ಪಾಠ ಅಚ್ಚಿಗೆ ಹೋಗದಂತೆ ತಡೆಯಿರಿ. ನಿಮ್ಮ ಮೇಜನ್ನು ನಾನೇ ಮುರಿದೆ. ಕ್ಷಮಿಸಿ ಎಂದು ಕೇಳುವ ಮುಖವಿಲ್ಲ. ನೀವು ಏನೂ ತಿಳಿಯದೆ, ನನ್ನನ್ನು ನಂಬಿ ಬರೆದಿರಿ.

ಚೋಟು


ಅಕ್ಟೋಬರ್ 30

ಚೋಟು,

ನಿನ್ನ ಪತ್ರದ ಕೊನೆಯ ಸಾಲನ್ನು ಓದಿದ ಮೇಲೆ ಎರಡು ದಿನ ಅದನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದೆ. ಏನೂ ತಿಳಿಯದೆ, ನಂಬಿ ಬರೆದವಳು. ಎಷ್ಟು ಚೆನ್ನಾಗಿದೆ. ಅದನ್ನು ಒಪ್ಪಿಕೊಂಡು, ನಿನ್ನನ್ನು ಕ್ಷಮಿಸಿ, ದೊಡ್ಡವಳಾಗಿಬಿಡಬಹುದಿತ್ತು. ನೀನು ಎಂದೂ ಅನುಮಾನಿಸುತ್ತಿರಲಿಲ್ಲ.

ನನಗೆ ಜುಲೈಯಲ್ಲೇ ಗೊತ್ತಿತ್ತು.

ಎರಡು ಹಾಕಿದ್ದೆ, ಒಂದನ್ನು ತೆಗೆದೆ, ತಿದ್ದಿದ ಬಲೆ ಬೀಸಿದಾಗ ಒಂದು ಸಿಕ್ಕಿತು ಎಂದು ನೀನು ನಗುನಗುತ್ತ ಬರೆದಿದ್ದೆ. ಗ್ರಂಥಾಲಯದ ಕಿಟಕಿಯ ಬಳಿ ನಿಂತು ಓದುತ್ತಿದ್ದೆ. ಮೂರನೆಯ ಸಲ ಓದುವಷ್ಟರಲ್ಲಿ, ಸಿಕ್ಕಿದ್ದು ತೆಗೆಯದೆ ಉಳಿದ ಆ ಒಂದೇ ಇರಬಹುದೆಂದು ಹೊಳೆಯಿತು. ಖಚಿತವೆಂದು ಹೇಳಲಾರೆ, ಆದರೆ ಒಂದು ಸಾಲಿನ ಪ್ರಶ್ನೆ ಸಾಕಿತ್ತು: "ಇನ್ನೊಂದನ್ನು ತೆಗೆದೆಯಾ?" ಕೇಳಲಿಲ್ಲ. ನೀನು ಉತ್ತರ ಕೊಟ್ಟುಬಿಡುತ್ತೀಯ ಎಂಬ ಭಯದಿಂದ ಕೇಳಲಿಲ್ಲ. ಆ ಭಾಗವನ್ನು ಪಾಠದಿಂದ ಕಿತ್ತುಹಾಕಿದೆ. ಓದಿದ ಮಗುವೊಂದು ನನ್ನ ಹಾಗೆಯೇ ಲೆಕ್ಕ ಹಾಕಿಬಿಟ್ಟರೆ! ಜಾಗ ಬೇಕಾದಷ್ಟಿತ್ತು.

ಇನ್ನೂ ಇದೆ. ಕಿವಿಯ ವಿಷಯವನ್ನು ಅದೇ ಪತ್ರದಲ್ಲಿ ಯಾಕೆ ಬರೆದೆ? ಎರಡು ವರ್ಷ ಮುಚ್ಚಿಟ್ಟದ್ದನ್ನು ಆ ವಾರವೇ ಯಾಕೆ ಬಿಚ್ಚಿದೆ? ಆಗ ನನಗೆ ನಾನು ಹೇಳಿಕೊಂಡದ್ದು, ಮನಸ್ಸು ಹಗುರ ಮಾಡಿಕೊಳ್ಳಲು ಎಂದು. ಈಗ ಹೇಳುತ್ತೇನೆ: ಮುಂದೊಂದು ದಿನ ನಿನಗೂ ಹೊಳೆದರೆ ನೀನು ಬಾಯಿ ತೆರೆಯದಿರಲಿ ಎಂದು. ನೀನು ನನ್ನ ಕಿವುಡನ್ನು ನೆಪ ಮಾಡಿಕೊಂಡೆ ಎಂದು ಹೇಸಿಕೊಂಡು ಬರೆದಿದ್ದೀಯ. ಆ ನೆಪವನ್ನು ಅಂಚೆಯಲ್ಲಿ ಹಾಕಿ ನಿನಗೆ ಕಳಿಸಿದವಳು ನಾನು. ಸೆಪ್ಟೆಂಬರಿನ ಕೋಪವೂ ಅಷ್ಟೇ. ನಿನ್ನ ಮೊಟಕು ಪತ್ರ ಕಂಡಾಗ ನಿನಗೂ ಗೊತ್ತಾಗಿದೆ ಎಂದು ತಿಳಿಯಿತು. 'ತಾವು', 'ನೀವು' ಎಂದೆಲ್ಲ ಬರೆದು ಬಾಗಿಲು ಹಾಕಿಕೊಂಡೆ. ಹಾಗೆ ಬರೆಯುವಾಗ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ನಾಟಕದಲ್ಲೂ ಬರುತ್ತದೆ.

ಕೊನೆಗೆ ಸಂಪಾದಕರ ಬಳಿ ಹೋದೆ. ಅವರು ಟೇಬಲ್ಲಿನ ಮೇಲೆ ಮುಂದಕ್ಕೆ ಬಾಗಿ, ನನಗೆ ಕೇಳಿಸಲೆಂದು ಕೂಗಿದರು:

"ಮೇಡಂ, ಒಂದು ಪರಮಾಣು ತಾನೇ? ಅಷ್ಟು ಸಣ್ಣ ತಪ್ಪು ಯಾರ ಕಣ್ಣಿಗೆ ಬೀಳತ್ತೆ?"

ಪಕ್ಕದ ಕೋಣೆಯವರೆಲ್ಲ ಇಣುಕಿದರು. ಪಾಠ ಬೇಡ, ತೆಗೆಯಿರಿ ಎಂದೆ. ಬೇರೆ ಬರೆದುಕೊಡಲು ಸಮಯವಿಲ್ಲವಂತೆ. ಆ ಪುಟಗಳಲ್ಲಿ ಮಾದರಿ ಪ್ರಶ್ನೆಗಳನ್ನು ಹಾಕುತ್ತಾರೆ. ಮೇಜಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿಮ್ಮಣ್ಣ ಕಚೇರಿಯ ಗೋಡೆಯಿಂದ ಚಿತ್ರ ಬಿಚ್ಚಿ ತಂದು, ಮಡಿಸದೆ, ನಿನ್ನ ಹಳೆಯ ಪುಸ್ತಕಗಳ ನಡುವೆ ಇಟ್ಟಿದ್ದಾರೆ. "ಅವಳು ಊಟ ಗೀಟ ಸರಿಯಾಗಿ ಮಾಡ್ತಾ ಇದಾಳಾ ಕೇಳು" ಎಂದಷ್ಟೇ ಅಂದರು.

ಇವತ್ತು ಹತ್ತನೆಯ ತರಗತಿಗೆ ಹೋದೆ. ಯಾರೂ ಹೋಗೆಂದು ಹೇಳಿರಲಿಲ್ಲ. ಪುಸ್ತಕದಲ್ಲಿ ಬರದಿದ್ದರೂ ಆ ಮಕ್ಕಳ ತಲೆಯೊಳಗೆ ಬಂದಾಗಿದೆಯಲ್ಲ. ಕಿವಿಯ ಯಂತ್ರವನ್ನು ಕೂದಲಲ್ಲಿ ಮುಚ್ಚದೆ ಹಾಕಿಕೊಂಡಿದ್ದೆ. ನಡೆದದ್ದನ್ನು ಹೇಳಿದೆ. ಅಲ್ಲಿ ಪರಮಾಣು ಇರಲಿಲ್ಲ, ಹುಡುಕಾಟವನ್ನು ಪರೀಕ್ಷಿಸಲೆಂದು ಇಟ್ಟ ಸುಳ್ಳೊಂದು ಉಳಿದುಹೋಗಿತ್ತು ಎಂದೆ. ಹಾಕಿದವಳು ನಮ್ಮ ಮನೆಯವಳೇ, ಹಿಂತೆಗೆದವಳೂ ಅವಳೇ ಎಂದೆ. ಅಷ್ಟಕ್ಕೆ ನಿಲ್ಲಿಸಿದೆ. ನಿನ್ನ ಪಾಲನ್ನು ಪೂರ್ತಿ ಹೇಳಿ ನನ್ನ ಪಾಲನ್ನು ಬಿಟ್ಟೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಕೇಳಿಸಲಿಲ್ಲ. ಹತ್ತಿರ ಬಂದಳು, ಮೇಜಿನ ಆಚೆ ನಿಂತು ತುಟಿ ಬಿಡಿಸಿ ಬಿಡಿಸಿ ಕೇಳಿದಳು:

"ಸಮಿತಿಯವರ ಎದುರು ನಮ್ಮ ಕೈಲಿ ಲೆಕ್ಕ ಮಾಡಿಸಿದ್ರಲ್ಲ ಮಿಸ್, ಆಗ ನಿಮಗೆ ಗೊತ್ತಿತ್ತಾ?"

ಕೇಳಿಸಲಿಲ್ಲ ಎನ್ನಬಹುದಿತ್ತು. ಎಲ್ಲರೂ ನಂಬುತ್ತಿದ್ದರು.

"ಗೊತ್ತಿತ್ತು" ಎಂದೆ.

ಅವಳು ನನ್ನ ಮುಖವನ್ನು ಇನ್ನೊಂದು ಕ್ಷಣ ನೋಡಿ ಜಾಗಕ್ಕೆ ಹೋಗಿ ಕೂತಳು. ಯಾರೂ ಎದ್ದು ಹೋಗಲಿಲ್ಲ, ಪಿರಿಯಡ್ ಇನ್ನೂ ಅರ್ಧ ಬಾಕಿ ಇತ್ತು. ನಾನು ಬೋರ್ಡಿನ ಕಡೆ ತಿರುಗಿದೆ. ಅವರಿಗೆ ಬೆನ್ನು ಮಾಡಿ ನಿಲ್ಲಲು ಅದೊಂದೇ ಜಾಗ. ಸೀಮೆಸುಣ್ಣ ಹುಡುಕತೊಡಗಿದೆ. ತುಂಬ ಹೊತ್ತು ಹುಡುಕಿದೆ. ಅದು ನನ್ನ ಕೈಯಲ್ಲೇ ಇತ್ತು.

ನಿನ್ನ ಅತ್ತಿಗೆ